ಇಪ್ಪತ್ತಾರು ಯಂತ್ರ, ಒಂದು ಗಂಟೆ

ಮಾರ್ಚ್ ೧೯, ಬುಧವಾರ

ಆಸ್ಪತ್ರೆಯ ಕೆಲಸದ ಪುಸ್ತಕದಲ್ಲಿ ಬೈಗುಳ ಬರೆಯುವಂತಿಲ್ಲ. ಯಾವ ಯಂತ್ರ, ಏನು ದೋಷ, ಯಾವಾಗ ಸರಿಯಾಯಿತು, ಸಹಿ. ಅಷ್ಟೇ. ಮಿಕ್ಕಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಣ್ಣು ಮಾಡಿಕೊಳ್ಳುವ ಬದಲು ಈ ನೋಟುಪುಸ್ತಕಕ್ಕೆ ಸುರಿಯುತ್ತೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಮೂರು ವರ್ಷ ಕೇಳಿ ಕೇಳಿ ನಾಲಿಗೆ ಸವೆದ ಮೇಲೆ ಇವತ್ತು ಅಸುನ್ಸಿಯೋನ್‌ನಿಂದ ಇಪ್ಪತ್ತಾರು ಹೊಸ ಕಂಪ್ಯೂಟರ್ ಬಂದವು. ಲಾರಿಯ ಹಿಂದೆಯೇ ಒಬ್ಬ ಫೋಟೊಗ್ರಾಫರ್ ಕೂಡ. ಆಡಳಿತಾಧಿಕಾರಿ ಫ್ರೆತೆಸ್ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ತಾನೇ ಹೆತ್ತವನ ಹಾಗೆ ನಿಂತು ಫೋಟೊ ತೆಗೆಸಿಕೊಂಡ. ಅವನ ಬೆನ್ನ ಹಿಂದೆ, ಬೆಳಗಿನ ಜಾವ ನಾಲ್ಕಕ್ಕೇ ಬಂದು ಚೀಟಿಗಾಗಿ ನಿಂತವರ ಸಾಲು. ಆ ಸಾಲು ಫೋಟೊದಲ್ಲಿ ಬರಬಾರದೆಂದು ಫೋಟೊಗ್ರಾಫರ್‌ಗೆ ಎರಡು ಸಲ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

"ಆರ್ಸೆನಿಯೊ, ತಿಂಗಳ ಕೊನೆ ಒಳಗೆ ಎಲ್ಲಾ ಓಡ್ಬೇಕು. ಮೇಲಿನೋರು ನೋಡೋಕೆ ಬರ್ತಾರೆ," ಅಂದ.

ತಿಂಗಳ ಕೊನೆಗೆ ನನ್ನ ಗುತ್ತಿಗೆಯೂ ಮುಗಿಯುತ್ತದೆ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈ ಆಸ್ಪತ್ರೆಯಲ್ಲಿ ಅರ್ಧಕ್ಕರ್ಧ ಜನ ಗುತ್ತಿಗೆಯವರು. ಮೂರು ತಿಂಗಳಿಗೊಮ್ಮೆ ನಮ್ಮನ್ನು ಸಾಯಿಸಿ ಮತ್ತೆ ಹುಟ್ಟಿಸುತ್ತಾರೆ. ನಾನು ಒಂಬತ್ತು ವರ್ಷದಿಂದ ಹೀಗೆ ಹುಟ್ಟುತ್ತಿದ್ದೇನೆ. ನೋಂದಣಿ ಕಿಟಕಿಯ ನ್ಯಾ ಎಲಿಗಿಯಾ ಹದಿನೇಳು ವರ್ಷದಿಂದ. ಇಡೀ ಆಸ್ಪತ್ರೆ ಅವರನ್ನು ‘ನ್ಯಾ’ ಎಂದೇ ಕರೆಯುತ್ತದೆ. ಹಿರಿಯ ಹೆಂಗಸನ್ನು ಬರೀ ಹೆಸರಿನಿಂದ ಕೂಗುವಷ್ಟು ನಾವಿನ್ನೂ ಕೆಟ್ಟಿಲ್ಲ, ಫ್ರೆತೆಸ್ ಒಬ್ಬನನ್ನು ಬಿಟ್ಟು. ಗುತ್ತಿಗೆಯವರನ್ನು ಕಾಯಂ ಮಾಡಿ ಎಂಬ ಅರ್ಜಿಗೆ ಸಹಿ ಕೂಡಿಸುತ್ತಿರುವವರು ಅವರೇ. ಆರು ವರ್ಷದ ಹಿಂದೆ ಮುಷ್ಕರದಲ್ಲಿ ನಾವಿಬ್ಬರೂ ಸೇರಿ ಹೆದ್ದಾರಿಗೆ ಅಡ್ಡ ಕೂತಿದ್ದೆವು. ಒಂಬತ್ತು ದಿನ. ಅವರು ಮೂಟೆಗಟ್ಟಲೆ ಮರಗೆಣಸು ಬೇಯಿಸಿದ್ದರು. ನಾನು ಧ್ವನಿವರ್ಧಕ ಹಿಡಿದಿದ್ದೆ.

ಕೆಲಸದ ವಿಚಾರ. ಒಂದು ಯಂತ್ರವನ್ನು ಪೂರ್ತಿ ಅಣಿಮಾಡಿ ಅದರ ಅಚ್ಚು ತೆಗೆದು, ಆ ಅಚ್ಚನ್ನೇ ಉಳಿದ ಯಂತ್ರಗಳಿಗೆಲ್ಲ ಒತ್ತಬೇಕು. ಹೊಸ ಅಚ್ಚು ಮಾಡಲು ಮೂರು ದಿನ ಬೇಕು. ನನ್ನ ಹತ್ತಿರ ಎರಡು ವರ್ಷದ ಹಿಂದಿನ ಅಚ್ಚೊಂದಿದೆ, ಒಂದು ಸಲವೂ ಕೈಕೊಟ್ಟಿಲ್ಲ. ಅದನ್ನೇ ಒತ್ತುತ್ತೇನೆ. ಇವರ ಫೋಟೊಗಾಗಿ ನಾನು ಮೂರು ದಿನ ಬೆವರು ಸುರಿಸಬೇಕಾಗಿಲ್ಲ.

ಮಾರ್ಚ್ ೨೪, ಸೋಮವಾರ

ಒಂದೂ ಸೇರಲಿಲ್ಲ.

ಶುಕ್ರವಾರ ಸಂಜೆಗೆ ಇಪ್ಪತ್ತಾರಕ್ಕೂ ಅಚ್ಚು ಒತ್ತಿ ಮೇಜುಗಳ ಮೇಲೆ ಕೂರಿಸಿದ್ದೆ. ಉಳಿದದ್ದು ಒಂದೇ ಕೆಲಸ: ಯಂತ್ರಗಳನ್ನು ಆಸ್ಪತ್ರೆಯ ಡೊಮೈನ್‌ಗೆ ಸೇರಿಸುವುದು. ಸರ್ವರ್ ಒಂದೊಂದು ಯಂತ್ರವನ್ನೂ ‘ನಮ್ಮವನು’ ಎಂದು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ನೋಂದಣಿಯೂ ತೆರೆಯುವುದಿಲ್ಲ, ಔಷಧಿ ಅಂಗಡಿಯೂ ತೆರೆಯುವುದಿಲ್ಲ, ರೋಗಿಯ ಹಳೆಯ ದಾಖಲೆಯೂ ಸಿಗುವುದಿಲ್ಲ. ಸೇರಿಸಲು ಬೇಕಾದ ಪಾಸ್‌ವರ್ಡನ್ನು ಕೇಂದ್ರ ಕಚೇರಿ ಇವತ್ತು ಬೆಳಿಗ್ಗೆ ಎಂಟಕ್ಕೆ ಕೊಟ್ಟಿತು. ಎಂಟೂ ಹತ್ತಕ್ಕೆ ಮೊದಲ ಯಂತ್ರ ಒಲ್ಲೆ ಅಂದಿತು. ಎರಡನೆಯದೂ ಅದನ್ನೇ ಅಂದಿತು. ಹನ್ನೊಂದರ ಹೊತ್ತಿಗೆ ಇಪ್ಪತ್ತಾರೂ ಒಂದೇ ರಾಗ ಹಾಡಿದ್ದವು: ಈ ಯಂತ್ರದ ಸಮಯಕ್ಕೂ ಸರ್ವರ್‌ನ ಸಮಯಕ್ಕೂ ವ್ಯತ್ಯಾಸವಿದೆ.

ವ್ಯತ್ಯಾಸ ಎಲ್ಲಿದೆ? ಯಂತ್ರದ ಮೂಲೆಯಲ್ಲಿ ೯:೪೨. ಸರ್ವರ್‌ನಲ್ಲಿ ೯:೪೨. ನನ್ನ ಕೈಗಡಿಯಾರದಲ್ಲೂ ಅದೇ. ಸುಳ್ಳು ಹೇಳುವುದನ್ನು ಯಂತ್ರಗಳು ಫ್ರೆತೆಸ್‌ನಿಂದ ಕಲಿತಿರಬೇಕು.

ಹಳೆಯ ಯಂತ್ರಗಳನ್ನಾದರೂ ಮತ್ತೆ ಹಚ್ಚೋಣವೆಂದರೆ, ಫ್ರೆತೆಸ್ ಶನಿವಾರವೇ ಅವನ್ನು ಲಾರಿಗೆ ತುಂಬಿಸಿ ಕಳಿಸಿಬಿಟ್ಟಿದ್ದಾನೆ. ಆಸ್ಪತ್ರೆಯಲ್ಲಿ ನೋಂದಣಿಗೆ ಈಗ ಒಂದೂ ಯಂತ್ರವಿಲ್ಲ. ನ್ಯಾ ಎಲಿಗಿಯಾ ಶಾಲೆಯ ನೋಟುಬುಕ್ ಒಂದನ್ನು ತರಿಸಿ, ಗೆರೆ ಎಳೆದು, ನೂರ ಎಂಬತ್ತು ಜನರನ್ನು ಕೈಯಲ್ಲೇ ಬರೆದರು. ತಲೆಯೆತ್ತದೆ ಬರೆದರು.

ಆಂಬುಲೆನ್ಸ್ ಚಾಲಕ ಕಾಚೊ ಬಾಗಿಲಲ್ಲಿ ಇಣುಕಿದ. "ಏನ್ ಡಾಕ್ಟ್ರೇ, ರೋಗಿ ಬದುಕ್ತಾನಾ?"

"ಸೇರಿಸ್ಕೊಳಲ್ಲ ಅಂತಿದೆ ಕಣೋ."

"ಪೂರ್ತಿ ಸೇರ್ಸೋಕೆ ಹೋಗ್ಬೇಡ, ಅದಕ್ಕೇ ಹೆದರ್ಕೊಂಡಿದೆ. ಮೂರು ತಿಂಗಳ ಗುತ್ತಿಗೆ ಅಂತ ಹೇಳು, ಬಾಗಿಲು ತೆಗಿಯುತ್ತೆ."

ನಗು ಬಂತು. ಮತ್ತೆ ಮೊದಲ ಯಂತ್ರದ ಮುಂದೆ ಹೋಗಿ ಕೂತೆ.

ಮಾರ್ಚ್ ೨೫, ಮಂಗಳವಾರ

ಕೇಬಲ್ ಬದಲಿಸಿದೆ. ಸ್ವಿಚ್ ಬದಲಿಸಿದೆ. ಒಂದೇ ಅಚ್ಚಿನಿಂದ ಹುಟ್ಟಿದ ಯಂತ್ರಗಳು ಒಂದೇ ಹೆಸರು ಹೊತ್ತು ಬಂದಿರಬಹುದೆಂದು ಇಪ್ಪತ್ತಾರಕ್ಕೂ ಹೊಸ ಹೆಸರಿಟ್ಟೆ, ಒಂದೊಂದನ್ನೂ ಆರಿಸಿ ಹೊತ್ತಿಸಿದೆ. ಸರ್ವರ್‌ನಲ್ಲಿ ಹಳೆಯ ಹೆಸರುಗಳನ್ನು ಅಳಿಸಿದೆ. ಕೇಂದ್ರ ಕಚೇರಿಗೆ ಫೋನು ಮಾಡಿದರೆ ಒಬ್ಬ ಆಕಳಿಸುತ್ತ, "ಕೇಬಲ್ ಸರಿಯಾಗಿ ಹಾಕಿದ್ದೀರಾ?" ಅಂದ. ಒಂಬತ್ತು ವರ್ಷ ಈ ಕೆಲಸ ಮಾಡಿದವನನ್ನು ಹಾಗೆ ಕೇಳುತ್ತಾನೆ.

ಮಧ್ಯಾಹ್ನ ಫ್ರೆತೆಸ್ ಕರೆದ. ಕೂರಲು ಹೇಳಲಿಲ್ಲ.

"ನಂಗೆ ನಿನ್ ಕೇಬಲ್ ಪುರಾಣ ಬೇಡ. ಯಾರ ತಪ್ಪು ಅಂತ ಕಾಗದದ ಮೇಲೆ ಬೇಕು. ಹೆಸರು ಬೇಕು. ನಾಡಿದ್ದರೊಳಗೆ."

"ಇನ್ನೂ ಏನಾಗಿದೆ ಅಂತಾನೇ ಗೊತ್ತಾಗಿಲ್ಲ ಸಾರ್."

"ಗೊತ್ತಾಗ್ಲಿಲ್ಲ ಅಂದ್ರೆ ನಿನ್ ಹೆಸರೇ ಬರಿ."

ಇವರ ಪರಿ ಇಷ್ಟೇ. ದೋಷ ಬೇಕಾಗಿಲ್ಲ, ದೋಷಿ ಬೇಕು. ಯಾವ ಕಚೇರಿಯಲ್ಲಾದರೂ ನೋಡಿ: ಛಾವಣಿ ಸೋರಿದರೆ ನೆಲ ಒರೆಸುವವಳಿಗೆ ನೋಟಿಸು. ನಾಳೆ ಏನೇ ಆಗಲಿ, ಈ ಕೈಯಿಂದ ಯಾವ ಕೆಲಸಗಾರನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಫ್ರೆತೆಸ್‌ನ ಹೆಸರನ್ನೇ ಬರೆಯುತ್ತೇನೆ: ಹಳೆಯ ಯಂತ್ರಗಳನ್ನು ಯಾರನ್ನೂ ಕೇಳದೆ ಸಾಗಹಾಕಿದವನು ಎಂದು.

ನ್ಯಾ ಎಲಿಗಿಯಾರ ನೋಟುಬುಕ್ ಒಂದು ಮುಗಿದು ಎರಡನೆಯದು ಶುರುವಾಗಿದೆ.

ಮಾರ್ಚ್ ೨೬, ಬುಧವಾರ

ಸಿಕ್ಕಿತು. ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ.

ಹತ್ತು ಗಂಟೆಗೆ ಆಸ್ಪತ್ರೆಯ ಹಿತ್ತಲಲ್ಲಿ ತೆರೆರೆಯ, ನಮ್ಮ ತಣ್ಣನೆಯ ಎಲೆಪಾನದ, ಸುತ್ತು ಕೂರುತ್ತದೆ. ನ್ಯಾ ಎಲಿಗಿಯಾ ಒರಳಲ್ಲಿ ಸೊಪ್ಪು ಜಜ್ಜಿ ಐಸು ನೀರಿಗೆ ಹಾಕಿ, ಕೊಂಬಿನ ಲೋಟಕ್ಕೆ ಹುಯ್ದು ಒಬ್ಬೊಬ್ಬರಿಗೇ ಕೊಡುತ್ತಾರೆ. ಎಲ್ಲರಿಗೂ ಒಂದೇ ಲೋಟ, ಒಂದೇ ಹೀರುಗೊಳವೆ. ಮುಷ್ಕರದ ಕಾಲದಲ್ಲಿ ಈ ಸುತ್ತಿಗೆ ನಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಆಗ ಮೇಲಿನವರ ಕಿವಿಗಳು ಎಲ್ಲೆಲ್ಲೂ ಇದ್ದವು. ಲೋಟ ತಿರುಗುವಾಗ ಆಡಿದ ಮಾತು ಲೋಟದ ಜೊತೆಗೇ ಮುಗಿಯಬೇಕು, ಹಿತ್ತಲು ದಾಟಬಾರದು.

ಇವತ್ತು ಲೋಟ ನನ್ನ ಕೈಗೆ ಬಂದಾಗ ನ್ಯಾ ಎಲಿಗಿಯಾ ಅಂದರು, "ಅಲ್ಲ ಮಗಾ, ನಿನ್ನ ಹೊಸ ಪೆಟ್ಟಿಗೆಗಳಿಗೆ ಬುದ್ಧಿ ಕಮ್ಮಿ ಇದೆ ನೋಡು. ಸೋಮವಾರ ಐದಕ್ಕೆ ಬಂದು ದೀಪ ಹಚ್ತೀನಿ, ಇಪ್ಪತ್ತಾರೂ ನಾಲ್ಕು ಅಂತ ತೋರಿಸ್ತಾ ಕೂತಿವೆ. ಹೊರಗಡೆ ಜನ ನಿಂತಿದ್ದಾರೆ. ಎಂಟು ಗಂಟೆ ಚೀಟಿ ಅಂತ ಬರ್ಕೊಟ್ರೆ ಪೆಟ್ಟಿಗೇಲಿ ಏಳಾಗಿರುತ್ತೆ. ಒಂದೊಂದನ್ನೇ ಮುಂದಕ್ಕೆ ತಿರುಗಿಸ್ಕೊಂಡು ಹೋದೆ. ಬೀಗ ಗೀಗ ಏನೂ ಕೇಳ್ಲಿಲ್ಲ, ಪಾಪ. ನಿನ್ ಕೆಲ್ಸ ಸ್ವಲ್ಪ ಉಳೀಲಿ ಅಂತ ಮಾಡ್ದೆ."

ಕಾಚೊ ಅಂದ, "ಗಂಟೆ ಹಿಂದೆ-ಮುಂದೆ ಮಾಡೋದು ಸರ್ಕಾರ ನಿಲ್ಸಿದೆ ಅಂತ ನಮ್ಮನೆ ಹುಂಜಕ್ಕೂ ಗೊತ್ತು. ಈ ಪೆಟ್ಟಿಗೆಗೆ ಯಾರೂ ಹೇಳ್ಲಿಲ್ವಾ?"

ಎಲ್ಲರೂ ನಕ್ಕರು. ನಾನು ಲೋಟ ಖಾಲಿ ಮಾಡದೆ ಎದ್ದು ಓಡಿದೆ.

ಪ್ರತಿ ಮಾರ್ಚ್‌ನಲ್ಲಿ ನಾವು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದೆವು, ಅಕ್ಟೋಬರ್‌ನಲ್ಲಿ ಮುಂದಕ್ಕೆ. ಹೋದ ಅಕ್ಟೋಬರ್‌ನಲ್ಲಿ ಕಾನೂನು ಬದಲಾಯಿತು. ಇನ್ನು ವರ್ಷಪೂರ್ತಿ ಬೇಸಿಗೆಯ ಗಂಟೆಯೇ. ಸರ್ವರ್‌ಗೆ ಅದು ಗೊತ್ತು. ಎರಡು ವರ್ಷದ ಹಿಂದಿನ ಅಚ್ಚಿಗೆ ಗೊತ್ತಿಲ್ಲ. ಮೊನ್ನೆ ಭಾನುವಾರ ಬಂದ ಕೂಡಲೇ ಅದು ಹಳೆಯ ರೂಢಿಯಂತೆ ಇಪ್ಪತ್ತಾರೂ ಗಡಿಯಾರಗಳನ್ನು ಹಿಂದಕ್ಕೆಳೆಯಿತು. ಯಂತ್ರದ ಒಳಗೆ ಮಾತ್ರ ಇನ್ನೊಂದು ಲೆಕ್ಕವಿರುತ್ತದೆ, ಲೋಕಕ್ಕೆಲ್ಲ ಒಂದೇ ಆದ ಗಂಟೆ. ನ್ಯಾ ಎಲಿಗಿಯಾ ಪರದೆಯ ಮೇಲಿನ ಗಂಟೆಯನ್ನು ಸರಿಮಾಡಿದರು. ಅದರೊಡನೆ ಒಳಗಿನ ಗಂಟೆಯೂ ಒಂದು ತಾಸು ಮುಂದೆ ಹೋಯಿತು. ಸರ್ವರ್ ನೋಡುವುದು ಒಳಗಿನದನ್ನು. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಾಗಿಲು ತೆಗೆಯುವುದಿಲ್ಲ. ಯಂತ್ರಗಳು ಸುಳ್ಳು ಹೇಳಿರಲಿಲ್ಲ.

ಹೊಸ ಕಾನೂನಿನ ಚಿಕ್ಕ ಫೈಲೊಂದನ್ನು ಹಾಕಿ, ಗಂಟೆ ಸರಿಮಾಡಿದೆ. ಮೊದಲ ಯಂತ್ರ ಒಂದೇ ಏಟಿಗೆ ಸೇರಿತು. ಸಂಜೆಗೆ ಹದಿನಾಲ್ಕು.

ಆ ಫೈಲನ್ನು ಎಲ್ಲ ಯಂತ್ರಗಳಿಗೂ ಹಾಕಬೇಕೆಂದು ಅಕ್ಟೋಬರ್‌ನಲ್ಲೇ ಒಂದು ಸುತ್ತೋಲೆ ಬಂದಿತ್ತು ಎಂದು ನೆನಪು. ಬಂದಿರಬಹುದು. ದಿನಕ್ಕೆ ಹತ್ತು ಸುತ್ತೋಲೆ ಬರುತ್ತವೆ.

ಮಾರ್ಚ್ ೨೭, ಗುರುವಾರ

ಇಪ್ಪತ್ತಾರೂ ಸೇರಿದವು. ವರದಿ ಕೊಟ್ಟೆ. ಏನು ಬರೆದೆನೆಂದು ಇಲ್ಲಿಯೂ ಇರಲಿ:

‘ದಿನಾಂಕ ೨೪ರ ಬೆಳಿಗ್ಗೆ ಸುಮಾರು ಐದು ಗಂಟೆಗೆ ನೋಂದಣಿ ವಿಭಾಗದ ಗುತ್ತಿಗೆ ನೌಕರರಾದ ಎಲಿಗಿಯಾ ಬೊಗಾದೊ ಇವರು ಅನುಮತಿ ಪಡೆಯದೆ ಎಲ್ಲ ಇಪ್ಪತ್ತಾರು ಯಂತ್ರಗಳ ಸಮಯವನ್ನು ಕೈಯಾರೆ ಬದಲಿಸಿದ್ದು, ಸದರಿ ಕಾರಣದಿಂದ ಯಂತ್ರಗಳು ಡೊಮೈನ್‌ಗೆ ಸೇರಲು ವಿಫಲವಾದವು. ಮುಂದೆ ಸಂಬಂಧಪಡದ ಸಿಬ್ಬಂದಿ ಯಂತ್ರಗಳನ್ನು ಮುಟ್ಟದಂತೆ ಕ್ರಮ ಕೈಗೊಳ್ಳುವುದು ಸೂಕ್ತ.’

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವರು ಮುಟ್ಟದೆ ಇದ್ದಿದ್ದರೆ ಯಂತ್ರಗಳು ಸೋಮವಾರವೇ ಸೇರುತ್ತಿದ್ದವು. ಒಂದು ವ್ಯವಸ್ಥೆ ಅಂದ ಮೇಲೆ ಯಾರು ಏನನ್ನು ಮುಟ್ಟಬಹುದು ಎಂಬುದಕ್ಕೆ ಒಂದು ಮಿತಿ ಬೇಕಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದರು, ಸರಿ. ಒಳ್ಳೆಯ ಮನಸ್ಸಿನವರಿಗೆ ಏನೂ ಆಗುವುದಿಲ್ಲ. ಹೆಚ್ಚೆಂದರೆ ಒಂದು ಎಚ್ಚರಿಕೆ ಪತ್ರ ಕೊಡುತ್ತಾರೆ. ಹದಿನೇಳು ವರ್ಷ ದುಡಿದವರು.

ತಲೆ ನೋಯುತ್ತಿದೆ. ಮಲಗುತ್ತೇನೆ.

ಮಾರ್ಚ್ ೨೮, ಶುಕ್ರವಾರ

ಫ್ರೆತೆಸ್ ಕರೆದು ಕೂರಿಸಿದ. ಕಾಫಿ ತರಿಸಿದ. "ನೋಡಿ ಡೋನ್ ಆರ್ಸೆನಿಯೊ, ನಿಮ್ಮಂಥ ಜವಾಬ್ದಾರಿ ಇರೋ ಮನುಷ್ಯರನ್ನ ಮೂರು ತಿಂಗಳ ಕಾಗದದಲ್ಲಿ ಇಡೋದು ತಪ್ಪು. ಕಾಯಂ ಹುದ್ದೆ ಒಂದು ಖಾಲಿ ಇದೆ. ನಿಮ್ಮ ಹೆಸರು ಕಳಿಸಿದ್ದೀನಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಬಹುವಚನ. ಮೊದಲ ಸಲ ಗೌರವದ ‘ಡೋನ್’. ಮನೆಗೆ ಬರುವಾಗ ಅಮ್ಮನಿಗೆಂದು ಅರ್ಧ ಕಿಲೊ ಗಿಣ್ಣು ತಂದೆ. ಯಾಕೆಂದು ಅಮ್ಮ ಕೇಳಿದಳು. ಯಂತ್ರಗಳು ಸೇರಿದವು ಅಂದೆ.

ನ್ಯಾ ಎಲಿಗಿಯಾ ಇವತ್ತೂ ಒಂಬತ್ತರ ಹೊತ್ತಿಗೆ ಕಿಟಕಿಯಿಂದ ಕೈಬೀಸಿದರು. ಹೊಸ ಯಂತ್ರ ಚೆನ್ನಾಗಿ ಓಡುತ್ತಿದೆಯಂತೆ. ವರದಿಯ ಸುದ್ದಿ ಅವರಿಗೆ ಇನ್ನೂ ತಲುಪಿಲ್ಲ. ನಾನು ಸುತ್ತಿಗೆ ಹೋಗಲಿಲ್ಲ, ಕೆಲಸವಿತ್ತು.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಏಳಕ್ಕೆ ಆಡಳಿತ ಕೋಣೆಯ ಬಾಗಿಲಿಗೆ ಪಟ್ಟಿ ಅಂಟಿಸಿದರು: ಮುಂದಿನ ಮೂರು ತಿಂಗಳಿಗೆ ಗುತ್ತಿಗೆ ನವೀಕರಿಸಿದವರ ಹೆಸರುಗಳು. ಅರವತ್ತೊಂದು ಹೆಸರಿತ್ತು. ಬೊಗಾದೊ ಇರಲಿಲ್ಲ.

ನಾನು ಸರ್ವರ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ತಣ್ಣಗಿರುತ್ತದೆ, ಫ್ಯಾನಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ಆದರೂ ಕಾಚೊ ಹೊರಗೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: ನ್ಯಾ ಎಲಿಗಿಯಾ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರಂತೆ. "ನನ್ನ ಬಿಟ್ಟಿದ್ದಾರೆ" ಎಂದಷ್ಟೇ ಅಂದರಂತೆ. ಆಮೇಲೆ ಹೋಗಿ ಕಿಟಕಿಯಲ್ಲಿ ಕೂತು ಹನ್ನೆರಡರವರೆಗೆ ಸಾಲು ಮುಗಿಸಿದರಂತೆ.

ಹನ್ನೆರಡೂವರೆಗೆ ಬಾಗಿಲು ತಟ್ಟಿದರು.

"ಮಗಾ, ಹೋಗೋಕೆ ಮುಂಚೆ ನನ್ನ ಲಾಗಿನ್ ಮುಚ್ಸಿ, ಚೀಟಿ ತಗೋಬೇಕಂತೆ. ಅದಿಲ್ದೆ ಗೇಟ್ ಪಾಸ್ ಕೊಡಲ್ವಂತೆ. ನೀನೇ ಮುಚ್ಬೇಕಂತೆ ಅದನ್ನ."

ಕೂತರು. ಪರದೆಯನ್ನು ನೋಡುತ್ತಿದ್ದರು. ನಾನು ಅವರ ಹೆಸರು ಹುಡುಕಿದೆ. ಹದಿನೇಳು ವರ್ಷದ ಹಿಂದೆ ಯಾರೋ ತಪ್ಪಾಗಿ ಟೈಪು ಮಾಡಿದ ಹೆಸರು, ಒಂದಕ್ಷರ ಹೆಚ್ಚು. ಅದನ್ನು ಯಾರೂ ತಿದ್ದಿರಲಿಲ್ಲ. ಒಂದು ಗುಂಡಿ ಒತ್ತಿದರೆ ಹೆಸರು ಬೂದುಬಣ್ಣಕ್ಕೆ ತಿರುಗುತ್ತದೆ. ಒತ್ತಿದೆ.

"ಆಯ್ತಾ?"

"ಆಯ್ತು."

"ಅಷ್ಟೇನಾ," ಅಂದು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡರು. ವರದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಗೆ ಗೊತ್ತಿತ್ತು. ಕಣ್ಣಲ್ಲೇ ಗೊತ್ತಾಗುತ್ತದೆ, ಅವರು ನನ್ನನ್ನು ನೋಡಲೇ ಇಲ್ಲ.

ಏಪ್ರಿಲ್ ೧

ಕಾಯಂ ಆದೇಶ ಬಂತು. ಸಹಿ ಹಾಕಿದೆ.

ಏಪ್ರಿಲ್ ೪, ಶುಕ್ರವಾರ

ಕಿಟಕಿಯಲ್ಲಿ ಹೊಸ ಹುಡುಗಿ ಕೂತಿದ್ದಾಳೆ. ಫ್ರೆತೆಸ್‌ನ ಹೆಂಡತಿಯ ತಂಗಿಯ ಮಗಳು. ಅವಳದ್ದೇನು ತಪ್ಪು, ಕೆಲಸ ಬೇಕಿತ್ತು. ಆದರೆ ಅವಳಿಗೆ ಹಳ್ಳಿಯವರ ಮಾತು ಗ್ವರಾನಿ ಬರುವುದಿಲ್ಲ. ಹಳ್ಳಿಯ ಮುದುಕಿಯೊಬ್ಬಳು ನೋವು ಎಲ್ಲಿ ಎಂದು ಮೂರು ಸಲ ಹೇಳಿ, ನಾಲ್ಕನೇ ಸಲ ಕೈಯಿಂದ ತೋರಿಸಿದಳು. ಸಾಲಿನವರೆಲ್ಲ ನೋಡುತ್ತಿದ್ದರು.

ಹತ್ತಕ್ಕೆ ಸುತ್ತಿಗೆ ಹೋದೆ. ಈಗ ಕಾಚೊ ನೀರು ಹುಯ್ಯುತ್ತಾನೆ. ಲೋಟ ನನ್ನ ಎಡಗಡೆಯವನಿಗೆ ಹೋಯಿತು, ಆಮೇಲೆ ಬಲಗಡೆಯವನಿಗೆ. ಮರೆತನೆಂದುಕೊಂಡೆ. ಮತ್ತೆ ಸುತ್ತಿ ಬಂತು, ಮತ್ತೆ ಹಾಗೇ ದಾಟಿತು.

"ಏನೋ ಕಾಚೊ, ನನಗಿಲ್ವಾ?"

"ಕಾಯಂ ಆದೋರಿಗೆ ಫ್ರೆತೆಸ್ ಕೋಣೇಲಿ ಕಾಫಿ ಇದೆಯಂತಲ್ಲ."

"ತಮಾಷೆ ಸಾಕು."

"ತಮಾಷೆ ಅಲ್ಲ ಕಣೋ. ನೀನು ಸುತ್ತಲ್ಲಿ ಕೇಳಿದ್ದನ್ನ ಕಾಗದಕ್ಕೆ ಹಾಕ್ದೋನು. ನಿನ್ ಎದುರಿಗೆ ನಾನಿನ್ನು ಹವಾಮಾನದ ಬಗ್ಗೇನೂ ಮಾತಾಡಲ್ಲ."

ಯಾರೂ ನಗಲಿಲ್ಲ. ಎದ್ದು ಬಂದೆ.

ಬಂದವನು ಹಳೆಯ ಕಡತಗಳನ್ನು ತೆಗೆದೆ. ಅಕ್ಟೋಬರ್‌ನ ಸುತ್ತೋಲೆ ಸಿಕ್ಕಿತು. ‘ಎಲ್ಲ ಯಂತ್ರಗಳಿಗೂ, ಸಿದ್ಧ ಅಚ್ಚುಗಳಿಗೂ ಹೊಸ ಸಮಯದ ಫೈಲನ್ನು ಹಾಕತಕ್ಕದ್ದು.’ ಅಚ್ಚುಗಳಿಗೂ ಎಂದು ಬೇರೆಯಾಗಿಯೇ ಬರೆದಿದ್ದಾರೆ. ಕೆಳಗೆ ‘ಓದಿ ತಿಳಿದಿದ್ದೇನೆ’. ಅದರ ಕೆಳಗೆ ನನ್ನ ಸಹಿ, ಬಾಲ ಉದ್ದ ಎಳೆದದ್ದು. ಅವತ್ತು ಖುಷಿಯಲ್ಲಿದ್ದೆನೇನೋ.

ಯಾರು ಬೇಕಾದರೂ ಗಂಟೆ ಬದಲಿಸಬಹುದಾದ, ಪಾಸ್‌ವರ್ಡಿನ ಬೀಗವಿಲ್ಲದ ಖಾತೆಯನ್ನು ಅಚ್ಚಿನಲ್ಲಿ ಬಿಟ್ಟವನು ನಾನು. ಹಳೆಯ ಅಚ್ಚು ಒತ್ತಿದವನು ನಾನು. ಮೂರು ದಿನ ಉಳಿಸಿದವನು ನಾನು. ಇದೆಲ್ಲ ೨೬ರ ಮಧ್ಯಾಹ್ನವೇ ನನಗೆ ಗೊತ್ತಿತ್ತು. ‘ಬಂದಿರಬಹುದು’ ಎಂದು ಬರೆದುಕೊಂಡಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ ಹಾಗೆ ಬರೆದುಕೊಂಡಿದ್ದೇನೆ.

ಏಪ್ರಿಲ್ ೯, ಬುಧವಾರ

ಎರಡನೇ ವರದಿ ಬರೆದೆ. ಅಚ್ಚು, ಸುತ್ತೋಲೆ, ಬೀಗ, ಎಲ್ಲವನ್ನೂ. ಎಲಿಗಿಯಾ ಬೊಗಾದೊ ಗಂಟೆಯನ್ನು ತಪ್ಪು ಮಾಡಲಿಲ್ಲ, ಸರಿಮಾಡಿದರು, ತಪ್ಪು ನನ್ನದು. ಐದು ದಿನ ಹಿಡಿಯಿತು. ಮೊದಲನೆಯದಕ್ಕೆ ಹತ್ತು ನಿಮಿಷ ಹಿಡಿದಿತ್ತು.

ಫ್ರೆತೆಸ್ ಓದಿ ಮೇಜಿನ ಮೇಲಿಟ್ಟ.

"ಇದು ಯಾಕೆ ಈಗ?"

"ನಿಜ ಇದು ಸಾರ್. ಅವರನ್ನ ತೆಗೆದದ್ದು ನನ್ನ ವರದಿ ಮೇಲೆ."

"ಯಾರು ತೆಗೆದ್ರು? ಗುತ್ತಿಗೆ ಮುಗೀತು, ಮುಂದುವರಿಸ್ಲಿಲ್ಲ. ತೆಗೆಯೋದು ಬೇರೆ, ಮುಂದುವರಿಸದೆ ಇರೋದು ಬೇರೆ. ಡೋನ್ ಆರ್ಸೆನಿಯೊ, ನೀವು ಓದಿದೋರು, ಇಷ್ಟು ಗೊತ್ತಾಗಲ್ವಾ? ಅರ್ಜಿ ಹಿಡ್ಕೊಂಡು ಓಡಾಡೋ ಹೆಂಗಸನ್ನ ನಾನು ಎಷ್ಟು ದಿನ ಸಹಿಸ್ಲಿ? ಕಾರಣ ಒಂದು ಬೇಕಿತ್ತು, ನೀವು ಕೊಟ್ರಿ. ಈಗ ಆ ಜಾಗದಲ್ಲಿ ಬೇರೆಯವರಿದ್ದಾರೆ. ಇದನ್ನ ನಾನು ನೋಡ್ಲಿಲ್ಲ ಅಂತ ಇಟ್ಕೊಳ್ಳಿ."

ಕಾಗದ ನನ್ನ ಕಡೆಗೆ ತಳ್ಳಿದ. ನಾನು ವಾಪಸು ತಳ್ಳಲಿಲ್ಲ, ತೆಗೆದುಕೊಂಡು ಬಂದೆ.

ಮಧ್ಯಾಹ್ನ ಕೇಂದ್ರ ಕಚೇರಿಗೇ ಫೋನು ಮಾಡಿದೆ. ಈ ಸಲ ಒಬ್ಬ ಹೆಂಗಸು ಎತ್ತಿದಳು. ನನ್ನ ತಪ್ಪೆಂದು ಶುರುಮಾಡಿದೆ, ಅರ್ಧದಲ್ಲೇ ತಡೆದಳು.

"ಓ, ಆ ಗಂಟೆ ಗಲಾಟೇನಾ? ಹನ್ನೊಂದು ಕಡೆ ಅದೇ ಆಗಿದೆ ರೀ. ಎಲ್ಲರೂ ಹಳೇ ಅಚ್ಚೇ ಒತ್ತಿ, ಆಮೇಲೆ ಗಂಟೆ ಕೈಯಲ್ಲೇ ತಿರುಗಿಸಿದ್ದಾರೆ. ಇಲ್ಲಿ ನಮ್ಮಲ್ಲೇ ಎರಡು ಮಹಡಿ ನಿಂತೋಯ್ತು."

"ಯಾರ ಮೇಲಾದ್ರೂ ಕ್ರಮ ತಗೊಂಡ್ರಾ?"

ನಕ್ಕಳು. "ಗಡಿಯಾರದ ವಿಷಯಕ್ಕೆ ಯಾರಿಗ್ರೀ ಶಿಕ್ಷೆ ಕೊಡ್ತಾರೆ? ಫೈಲ್ ಹಾಕಿ, ಮುಗೀತು ಅಂದ್ವಿ."

ಫೋನು ಇಟ್ಟೆ. ನಿಜ ಹೇಳಿದ್ದರೆ ನನ್ನ ಒಂದು ಕೂದಲೂ ಕೊಂಕುತ್ತಿರಲಿಲ್ಲ.

ಏಪ್ರಿಲ್ ೧೬, ಪವಿತ್ರ ವಾರದ ಬುಧವಾರ

ಇವತ್ತು ಊರೆಲ್ಲ ಈಸ್ಟರ್ ಹಬ್ಬಕ್ಕೆ ಚೀಪಾ ಎಂಬ ಗಿಣ್ಣಿನ ರೊಟ್ಟಿ ಸುಡುವ ದಿನ. ಬೀದಿಬೀದಿಯಲ್ಲಿ ಮಣ್ಣಿನ ಒಲೆಯ ಹೊಗೆ. ನ್ಯಾ ಎಲಿಗಿಯಾರ ಮನೆ ಬಂದರಿನ ಹಿಂದೆ. ಹಿತ್ತಲಲ್ಲಿ ತೊಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದರು, ಮೊಣಕೈವರೆಗೂ ಗಿಣ್ಣು, ಮೊಟ್ಟೆ. ಅಕ್ಕನೋ ತಂಗಿಯೋ ಒಬ್ಬರು ಒಲೆಗೆ ಸೌದೆ ಇಡುತ್ತಿದ್ದವರು ನನ್ನನ್ನು ಕಂಡು ಒಳಗೆ ಹೋದರು.

"ಬಾ," ಅಂದರು. ಕೂರು ಅನ್ನಲಿಲ್ಲ.

ಎರಡೂ ವರದಿ ತೆಗೆದುಕೊಂಡು ಹೋಗಿದ್ದೆ. ಎರಡನೆಯದನ್ನು ಓದತೊಡಗಿದೆ.

"ಅದು ಬೇಡ. ಮೊದಲನೇದು ಓದು. ನಾನು ಅದನ್ನ ನೋಡೇ ಇಲ್ಲ. ಇದೆ ಅಂತ ಮಾತ್ರ ಹೇಳಿದ್ರು."

ಓದಿದೆ. ಅವರು ನಾದುವುದನ್ನು ನಿಲ್ಲಿಸಲಿಲ್ಲ.

"ಎಲ್ಲಾ ನಿಜಾನೇ," ಅಂದರು. "ಐದು ಗಂಟೆ, ನಿಜ. ಇಪ್ಪತ್ತಾರು, ನಿಜ. ಯಾರನ್ನೂ ಕೇಳ್ಲಿಲ್ಲ, ಅದೂ ನಿಜ. ನೀನು ಸುಳ್ಳು ಬರೆದಿದ್ರೆ ನಾನು ಜಗಳ ಆಡ್ತಿದ್ದೆ ಮಗಾ. ಅವನ ಕೋಣೆ ಮುಂದೆ ಕೂತು ಬಾಯಿ ಮಾಡ್ತಿದ್ದೆ. ನಿಜ ಬರೆದೆ ನೋಡು, ನನಗೆ ಬಾಯೇ ಇಲ್ದಂಗಾಯ್ತು."

"ಹೆದರ್ಕೊಂಡೆ ನ್ಯಾ ಎಲಿಗಿಯಾ."

"ನಾನೂ ಹೆದರ್ಕೋತೀನಿ. ಹದಿನೇಳು ವರ್ಷ ಮೂರ್ಮೂರು ತಿಂಗಳಿಗೆ ಹೆದರ್ಕೊಂಡಿದೀನಿ. ಹೆದರ್ಕೆ ಇದೆ ಅಂತ ಪಕ್ಕದೋಳ ಹೆಸರು ಹೇಳ್ಬಿಟ್ಟಿದ್ರೆ ಆ ಹೆದ್ದಾರೀಲಿ ಒಂಬತ್ತು ದಿನ ಕೂರೋಕೆ ಆಗ್ತಿತ್ತಾ?" ಹಿಟ್ಟನ್ನು ಉಂಡೆ ಕಟ್ಟಿ ಬಾಳೆ ಎಲೆಯ ಮೇಲಿಟ್ಟರು. "ಆ ಎರಡನೇ ಕಾಗದ ನನ್ನ ಮುಂದೆ ಯಾಕೆ ಓದ್ತಿದೀಯ? ನನಗೇನು ಗೊತ್ತಿಲ್ವಾ ಅದು? ಗೊತ್ತಿಲ್ದೆ ಇರೋರ ಮುಂದೆ ಓದು."

ಹೊರಡುವಾಗ ಹಿಂದಿನಿಂದ ಅಂದರು, "ಆ ಹುಡುಗಿಗೆ ಹೇಳು, ವಯಸ್ಸಾದೋರ ಚೀಟಿ ದೊಡ್ಡಕ್ಷರದಲ್ಲಿ ಬರೀಬೇಕು. ಅಚ್ಚಾಗಿ ಬರೋದು ಅವರಿಗೆ ಕಾಣಲ್ಲ."

ಚೀಪಾ ಕೊಡಲಿಲ್ಲ. ಈ ದಿನ ಮನೆಗೆ ಬಂದವರನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ.

ಏಪ್ರಿಲ್ ೨೧, ಸೋಮವಾರ

ಹುಡುಗಿಗೆ ಹೇಳಿದೆ. ಕೈಯಲ್ಲೇ ದೊಡ್ಡದಾಗಿ ಬರೆಯುತ್ತಿದ್ದಾಳೆ. ಅವಳ ಗುತ್ತಿಗೆಯೂ ಮೂರು ತಿಂಗಳದ್ದೇ.

ಏಪ್ರಿಲ್ ೨೯, ಮಂಗಳವಾರ

ನಾಡಿದ್ದು ಮೇ ಒಂದು. ಗುತ್ತಿಗೆಯವರ ಸಭೆ ಮಧ್ಯಾಹ್ನ ಒಂದಕ್ಕೆ, ಶವಾಗಾರದ ಪಕ್ಕದ ಮಾವಿನ ಮರದಡಿ. ಐವತ್ತು ಜನ ಇದ್ದಿರಬಹುದು. ಬೆಂಚು, ಇಟ್ಟಿಗೆ, ಆಂಬುಲೆನ್ಸಿನ ಮೆಟ್ಟಿಲು, ಎಲ್ಲಿ ಜಾಗವಿತ್ತೋ ಅಲ್ಲಿ ಕೂತಿದ್ದರು. ಮೇಲಿನ ಮಹಡಿಯಲ್ಲಿ ಫ್ರೆತೆಸ್‌ನ ಕಿಟಕಿ ತೆರೆದಿತ್ತು.

ಕಾಚೊ ನನ್ನನ್ನು ನೋಡಿ, "ಕಾಯಂ ನೌಕರರ ಸಭೆ ಬೇರೆ ಕಡೆ," ಅಂದ.

"ಎರಡು ಕಾಗದ ಓದ್ಬೇಕು. ಐದು ನಿಮಿಷ."

"ಫ್ರೆತೆಸ್ ಕಳ್ಸಿದ್ನಾ?"

"ಇಲ್ಲ."

ಯಾರೋ ಹಿಂದಿನಿಂದ ಓದ್ಲಿ ಬಿಡು ಅಂದರು. ಓದಿದೆ. ಮೊದಲು ಮೊದಲನೆಯದು, ಆಮೇಲೆ ಎರಡನೆಯದು, ಆಮೇಲೆ ಅಕ್ಟೋಬರ್‌ನ ಸುತ್ತೋಲೆ, ನನ್ನ ಸಹಿ ಸಮೇತ. ಫ್ರೆತೆಸ್ ಮೇಜಿನ ಹಿಂದೆ ಕೂತು ಹೇಳಿದ್ದನ್ನೂ ಹೇಳಿದೆ: ಕಾರಣ ಒಂದು ಬೇಕಿತ್ತು, ನೀವು ಕೊಟ್ರಿ. ಒಂದು ಕಾಲದಲ್ಲಿ ಧ್ವನಿವರ್ಧಕವಿಲ್ಲದೆಯೂ ಹೆದ್ದಾರಿಯ ಆಚೆಗೆ ಕೇಳಿಸುತ್ತಿದ್ದ ಗಂಟಲು ಇದು. ಎರಡು ಸಲ ‘ಜೋರಾಗಿ’ ಎಂದು ಹೇಳಿಸಿಕೊಂಡೆ.

ಅಡುಗೆ ಮನೆಯ ಹೆಂಗಸೊಬ್ಬಳು ನೆಲಕ್ಕೆ ಉಗುಳಿದಳು. ಕಾಚೊ ಎದ್ದು ಬಂದು ಮೂರೂ ಕಾಗದ ನನ್ನ ಕೈಯಿಂದ ತೆಗೆದುಕೊಂಡ. ಒಂದೊಂದನ್ನೂ ತಿರುಗಿಸಿ ಸಹಿ ನೋಡಿದ.

"ನ್ಯಾ ಎಲಿಗಿಯಾರನ್ನ ವಾಪಸು ತಗೊಳ್ಳಿ ಅಂತ ಬರೆಯೋ ಅರ್ಜಿಗೆ ಇವು ಬೇಕು. ಇವನ್ನ ಹಚ್ಚಿದ್ರೆ ನಿನ್ ಹುದ್ದೆ ಉಳಿಯಲ್ಲ, ಗೊತ್ತಲ್ಲ?"

"ಗೊತ್ತು."

"ಆಮೇಲೆ ಅಳ್ಕೊಂಡು ಬರ್ಬೇಡ."

ಅರ್ಜಿ ಕೈಯಿಂದ ಕೈಗೆ ಹೋಯಿತು. ಗುತ್ತಿಗೆಯವರು ಮಾತ್ರ ಸಹಿ ಹಾಕಬೇಕು. ನ್ಯಾ ಎಲಿಗಿಯಾ ಈಗ ಗುತ್ತಿಗೆಯವರೂ ಅಲ್ಲ, ಅವರ ಸಹಿ ಇಲ್ಲ. ನಾನು ಕಾಯಂ, ನನ್ನದೂ ಇಲ್ಲ. ಹೊಸ ಹುಡುಗಿ ಯಾವಾಗ ಬಂದಳೋ ನೋಡಲಿಲ್ಲ. ಪೆನ್ನು ಅವಳ ಹತ್ತಿರ ಬಂದಾಗ, ತನ್ನ ಕೆಲಸ ಹೋಗುವ ಅರ್ಜಿಯನ್ನು ಪೂರ್ತಿ ಓದಿ, ಸಹಿ ಹಾಕಿ, ಮುಂದಿನವನಿಗೆ ಕೊಟ್ಟಳು. ಅವಳು ಬಂದು ಎಷ್ಟು ದಿನ ಆಯಿತು, ಒಂದು ತಿಂಗಳೂ ಇಲ್ಲ. ಪಕ್ಕದವರು ಸರಿದು ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟರು.

ನಾನು ನಿಂತೇ ಇದ್ದೆ. ಸಭೆ ಮೂರರವರೆಗೆ ನಡೆಯಿತು.